ನಕ್ಷತ್ರ ಹಾಕಿದ ಜಾಗ

ಜೂನ್ 4

ಚೂಟಿ,

ಇಲ್ಲಿ ಕ್ಷೇಮ, ಅಲ್ಲಿ ಕ್ಷೇಮವೇ ಅಂತೆಲ್ಲ ಶುರು ಮಾಡಲು ನನಗೆ ಪುರುಸೊತ್ತಿಲ್ಲ. ಗಣಿತದ ಮೇಷ್ಟ್ರು ಅಂಗಡಿಗೆ ಬಂದು ಪ್ರಾಣ ತಿನ್ನುತ್ತಿದ್ದಾರೆ. ಅವರು ಟೈಪ್ ಮಾಡಲು ಕೊಟ್ಟ ಪ್ರಶ್ನೆಪತ್ರಿಕೆ ಸಿದ್ಧವಾಗಿದೆ, ಆದರೆ ಪುಟದ ತುಂಬ ನಕ್ಷತ್ರಗಳು. "ಏನಮ್ಮಾ ಇದು, ತ್ರಿಕೋನದ ಒಂದು ಕೋನ ಅರವತ್ತು ನಕ್ಷತ್ರ ಅಂತಿದೆ! ನಾನು ಗಣಿತ ಹೇಳ್ಕೊಡೋನು, ಜ್ಯೋತಿಷ್ಯ ಅಲ್ಲ" ಅಂದರು. ನನಗೆ ನಗು ಬಂತು, ಆದರೆ ಅವರ ಎದುರಿಗೆ ನಗಲಿಲ್ಲ.

ನೀನಿದ್ದಾಗ ಹೇಗೆ ಮಾಡುತ್ತಿದ್ದೆನೋ ಈಗಲೂ ಹಾಗೇ ಮಾಡುತ್ತಿದ್ದೇನೆ. ಮಾತುಗಳನ್ನೆಲ್ಲ ನಾನು ಟೈಪ್ ಮಾಡುವುದು. ಕೀಲಿಮಣೆಯ ಮೇಲೆ ಕಾಣದ ಚಿಹ್ನೆ ಬಂದರೆ 8ರ ತಲೆಯ ಮೇಲಿರುವ ನಕ್ಷತ್ರ ಹಾಕಿ ಮುಂದಕ್ಕೆ ಹೋಗುವುದು. ಪುಟ ಮುಗಿದ ಮೇಲೆ "ನಕ್ಷತ್ರಾ!" ಅಂತ ಕೂಗುವುದು. ನೀನು ಎದುರು ಮೇಜಿನಿಂದ ಎದ್ದು ಬಂದು, ನನ್ನ ಹೆಗಲ ಮೇಲಿಂದ ಕೈ ಚಾಚಿ, ಟಕಟಕ ಅಂತ ಎಲ್ಲವನ್ನೂ ತುಂಬಿ ಹೋಗುವುದು. ನಿನ್ನ ಬೆರಳು ಏನನ್ನು ಒತ್ತುತ್ತಿತ್ತು ಅಂತ ನಾನು ಒಂದು ದಿನವೂ ನೋಡಿದವಳಲ್ಲ. ನೀನಿರುವಾಗ ನಾನೇಕೆ ನೋಡಲಿ? ಮೊನ್ನೆ ಅಭ್ಯಾಸಬಲದಿಂದ "ನಕ್ಷತ್ರಾ!" ಅಂತ ಕೂಗಿಬಿಟ್ಟೆ. ಪಕ್ಕದ ಬೈಂಡಿಂಗ್ ಅಂಗಡಿಯವರು ಓಡಿಬಂದು "ಏನಾಯ್ತು, ಜಾರಿ ಬಿದ್ರಾ?" ಅಂತ ಕೇಳಿದರು. ಹೌದು ಅಂದೆ. ಬೇರೆ ಏನು ಹೇಳಲಿ?

ನಿನ್ನ ವಿಳಾಸ ಕೊಟ್ಟವರೂ ಅವರೇ. ನಿನ್ನ ಪೆಟ್ಟಿಗೆಗಳನ್ನು ಲಾರಿಗೆ ಹಾಕಿಸಿದವರು ಅವರು ತಾನೆ.

ನ್ಯಾಯಾಲಯದ ಕಾಗದ ಬಂದು, ನೀನೂ ನನ್ನ ಮಗನೂ ಬೇರೆಬೇರೆ ಅಂತಾದ ಮೇಲೆ ನಿನಗೆ ಬರೆಯಬಹುದೋ ಬಾರದೋ ನನಗೆ ಗೊತ್ತಿಲ್ಲ. ಆ ಕಾಗದವನ್ನು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದೆ. ಅದರಲ್ಲಿ ಅವನ ಹೆಸರಿದೆ, ನಿನ್ನ ಹೆಸರಿದೆ. ನನ್ನ ಹೆಸರು ಎಲ್ಲೂ ಇಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

ಫೋನ್ ಮಾಡಬಹುದಿತ್ತಲ್ಲ ಅನ್ನಬೇಡ. ನೀನು ನಂಬರ್ ಬದಲಾಯಿಸಿದ್ದೀಯ. ಬದಲಾಯಿಸದೇ ಇದ್ದಿದ್ದರೂ ನಿನ್ನ ದನಿ ಕೇಳಿದರೆ ಕೇಳಬೇಕಾದದ್ದನ್ನೇ ಮರೆತುಬಿಡುತ್ತೇನೆ.

ಸದ್ಯಕ್ಕೆ ಬೇಕಿರುವುದು ಇಷ್ಟೇ: ಡಿಗ್ರಿಯ ಚಿಹ್ನೆ, ಅಂಕಿಯ ತಲೆಯ ಮೇಲೆ ಕೂರುವ ಆ ಪುಟಾಣಿ ಸೊನ್ನೆ, ಏನು ಒತ್ತಿದರೆ ಬರುತ್ತದೆ? ಉಳಿದದ್ದು ಆಮೇಲೆ ಕೇಳುತ್ತೇನೆ.

ಈ ಪತ್ರದ ಹಿಂಬದಿಯಲ್ಲಿ ಏಳನೇ ತರಗತಿಯ ಭೂಗೋಳ ಇದೆ. ಒಂದು ಬದಿ ಖಾಲಿ ಇರುವ ಹಾಳೆಯನ್ನು ನಾನು ಸತ್ತರೂ ಎಸೆಯುವವಳಲ್ಲ, ನಿನಗೆ ಗೊತ್ತು.

ಏನಂತ ಸಹಿ ಮಾಡಬೇಕೋ ತಿಳಿಯುತ್ತಿಲ್ಲ.

ಇಂತಿ,
ಅಂಗಡಿಯವಳು


ಜೂನ್ 17

ಯಜಮಾನಿಯವರಿಗೆ ನಮಸ್ಕಾರ.

ಎಡಗೈಯಲ್ಲಿ ಆಲ್ಟ್ ಕೀಲಿಯನ್ನು ಒತ್ತಿ ಹಿಡಿಯಿರಿ. ಹಿಡಿದುಕೊಂಡೇ ಬಲಗೈಯಲ್ಲಿ 0176 ಒತ್ತಿರಿ. ಆಮೇಲೆ ಆಲ್ಟ್ ಬಿಡಿ. ಡಿಗ್ರಿ ಬರುತ್ತದೆ.

ನಿಮ್ಮ ಲಕೋಟೆ ಬಂದಾಗ ವಕೀಲರದ್ದು ಅಂದುಕೊಂಡು ಒಡೆಯದೆ ಮೇಜಿನ ಮೇಲಿಟ್ಟಿದ್ದೆ. ಕೊನೆಗೆ ಒಡೆದು ನೋಡಿದರೆ ಡಿಗ್ರಿ ಚಿಹ್ನೆ ಹೇಗೆ ಹಾಕುವುದು ಅಂತ ಇದೆ! ಒಬ್ಬಳೇ ಕೂತು ನಕ್ಕೆ. ಕೆಳಗಡೆ ಗಡಿಯಾರ ರಿಪೇರಿ ಮಾಡುವ ಮನೆ ಮಾಲೀಕರು, ಈ ಹುಡುಗಿಗೆ ನಗುವುದಕ್ಕೂ ಬರುತ್ತದೆಯೇ ಅಂತ ಆಶ್ಚರ್ಯಪಟ್ಟಿರಬೇಕು.

ಭೂಗೋಳ ಓದಿದೆ. ಮೂರನೇ ಪ್ರಶ್ನೆಯಲ್ಲಿ ನದಿ ಸಮುದ್ರದಿಂದ ಹೊರಟು ಬೆಟ್ಟ ಹತ್ತುತ್ತಿದೆ. ಅಚ್ಚಿಗೆ ಹೋಗುವ ಮುಂಚೆ ಇಳಿಸಿ. ಎಡ ಅಂಚಿನಲ್ಲಿ ಆ ಮಸುಕು ಗೆರೆ ಇನ್ನೂ ಬರುತ್ತಿದೆ. ಪ್ರಿಂಟರ್ ಒರೆಸಿಲ್ಲ ಅಂತ ಕಾಣುತ್ತದೆ.

ಇಂತಿ,
ನಿಮ್ಮ ಅಂಗಡಿಯ ಹಳೆಯ ಕೆಲಸದವಳು


ಜೂನ್ 26

ಚೂಟಿ,

ಯಜಮಾನಿಯಂತೆ ಯಜಮಾನಿ! ಹಳೆಯ ಕೆಲಸದವಳಂತೆ! ಆ ಸಹಿ ನೋಡಿ ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. ಕೆಲಸದವಳು ನನಗೆ "ಸಾಕು ಏಳಿ, ಕಣ್ಣು ಕೆಂಪಾಗಿದೆ" ಅಂತ ಗದರುತ್ತಿದ್ದಳೇ? ನನಗೆ ಜ್ವರ ಬಂದಾಗ ಅಂಗಡಿಯ ಬಾಗಿಲು ಹಾಕಿ ಬಂದು ತಲೆಯ ಹತ್ತಿರ ಕೂತಿದ್ದಳೇ? ಇನ್ನೊಂದು ಸಲ ಹಾಗೆ ಬರೆದರೆ ಲಕೋಟೆ ವಾಪಸು ಕಳಿಸುತ್ತೇನೆ, ಅಷ್ಟೇ.

ಈಗ ನಿನ್ನ 0176ರ ಕಥೆ ಕೇಳು. ನೀನು ಹೇಳಿದ ಹಾಗೇ ಆಲ್ಟ್ ಹಿಡಿದೆ. ಮೇಲಿನ ಸಾಲಿನ ಅಂಕಿಗಳನ್ನು ಒತ್ತಿದೆ. ಡಿಗ್ರಿಯೂ ಇಲ್ಲ ಗಿಗ್ರಿಯೂ ಇಲ್ಲ. ಮತ್ತೆ ಒತ್ತಿದೆ. ಏನೇನೋ ಪಟ್ಟಿಗಳು ತೆರೆದುಕೊಂಡವು, ಮುಚ್ಚಿಕೊಂಡವು. ಕೀಲಿಮಣೆ ಕೆಟ್ಟಿದೆ ಅಂದುಕೊಂಡೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ನೀನು ನಗುವುದು ಇಲ್ಲಿಗೇ ಕೇಳಿಸುತ್ತಿದೆ, ನಗು.

ಆಮೇಲೆ ಕಣ್ಣಿಗೆ ಬಿತ್ತು. ಕೀಲಿಮಣೆಯ ಬಲ ಮೂಲೆಯಲ್ಲಿ ಬೇರೆಯಾಗಿ ಅಂಕಿಗಳ ಗುಂಪೊಂದು ಇದೆಯಲ್ಲ, ಅದನ್ನು ನಾನು ಯಾವತ್ತೂ ಮುಟ್ಟಿದವಳಲ್ಲ. ನನ್ನ ಕೀಲಿಮಣೆಯಲ್ಲಿ ಅದು ನನಗೆ ಪರಊರು. ನೋಡಿದರೆ ಅಲ್ಲಿ 0, 1, 2 ಮೂರೂ ಸವೆದು ನುಣ್ಣಗಾಗಿವೆ. ನಾನು ಮುಟ್ಟದ ಕೀಲಿಗಳನ್ನು ಸವೆಸಿದವರು ಯಾರು? ನನ್ನ ಹೆಗಲ ಮೇಲಿಂದ ಕೈ ಚಾಚಿ ನೀನೇ ಸವೆಸಿದ್ದು. ಆ ಸವೆದ ಜಾಗ ನೋಡಿಯೇ ಎಲ್ಲಿ ಒತ್ತಬೇಕು ಅಂತ ತಿಳಿಯಿತು. ಒತ್ತಿದೆ. ಆಲ್ಟ್ ಬಿಟ್ಟೆ. ಅರವತ್ತರ ತಲೆಯ ಮೇಲೆ ಬಂದು ಕೂತಿತು, ಪುಟ್ಟ ಸೊನ್ನೆ.

ಖುಷಿಯಾಗಬೇಕಿತ್ತು. ನಿಜ ಹೇಳಲೇ, ಆಗಲಿಲ್ಲ. ಆ ಸವೆದ ಕೀಲಿಗಳ ಮೇಲೆ ಬೆರಳಿಟ್ಟುಕೊಂಡು ಕೂತಿದ್ದೆ.

ಮೇಷ್ಟ್ರು ಡಿಗ್ರಿ ನೋಡಿ "ಈಗ ಕೋನ ಕೋನದ ಹಾಗಿದೆ" ಅಂದರು. ವರ್ಗಮೂಲದ ಚಿಹ್ನೆ ಇನ್ನೂ ನಕ್ಷತ್ರವಾಗಿಯೇ ಇದೆ. ಅದನ್ನು ಹೇಳು.

ನದಿಯನ್ನು ಬೆಟ್ಟದಿಂದ ಇಳಿಸಿದೆ. ಪ್ರಿಂಟರ್ ಒರೆಸುವುದಿಲ್ಲ. ಒರೆಸುತ್ತಿದ್ದವಳು ನೀನು.

ಇಂತಿ,
ಇನ್ನೂ ಏನಂತ ಸಹಿ ಮಾಡಬೇಕೋ ತಿಳಿಯದವಳು


ಜುಲೈ 9

*ಗೆ,

ಕ್ಷಮಿಸಿ, ಯಜಮಾನಿ ಅಂದರೆ ಬೈಯುತ್ತೀರಿ. ಮೊದಲು ಕರೆಯುತ್ತಿದ್ದ ಹಾಗೆ ಕರೆಯೋಣವೆಂದರೆ ಆ ಹಕ್ಕು ನನಗೆ ಉಳಿದಿದೆಯೋ ಇಲ್ಲವೋ ಗೊತ್ತಿಲ್ಲ. ಅದಕ್ಕೇ ನಿಮ್ಮ ಪದ್ಧತಿಯನ್ನೇ ಹಿಡಿದೆ. ಗೊತ್ತಿಲ್ಲದ ಕಡೆ ನಕ್ಷತ್ರ.

ವರ್ಗಮೂಲಕ್ಕೆ ಆಲ್ಟ್ ಹಿಡಿದು 251. ಇದಕ್ಕೆ ಮುಂದೆ ಸೊನ್ನೆ ಬೇಡ. ಅಂಕಿಗಳ ಆ ಗುಂಪಿನ ಮೇಲೆ ಒಂದು ಸಣ್ಣ ದೀಪ ಹತ್ತಿಕೊಂಡಿರಬೇಕು. ಹತ್ತದಿದ್ದರೆ ನಮ್ ಲಾಕ್ ಅಂತ ಬರೆದಿರುವ ಕೀಲಿಯನ್ನು ಒಮ್ಮೆ ಒತ್ತಿ. ಇನ್ನೊಂದು ಮಾತು, ಆಲ್ಟ್ ಹಿಡಿದುಕೊಂಡೇ ಇದ್ದರೆ ತೆರೆಯ ಮೇಲೆ ಏನೂ ಕಾಣಿಸುವುದಿಲ್ಲ. ಬೆರಳು ಬಿಟ್ಟ ಮೇಲೇ ಚಿಹ್ನೆ ಬರುವುದು. ನೀವು ಗಾಬರಿಯಲ್ಲಿ ಒತ್ತಿ ಹಿಡಿದೇ ಇರುತ್ತೀರಿ, ನಿಮ್ಮ ಸ್ವಭಾವ ನನಗೆ ಗೊತ್ತು.

ಒಂದು ಪತ್ರಕ್ಕೆ ಒಂದೇ ಚಿಹ್ನೆ ಹೇಳುತ್ತೇನೆ. ಎರಡು ಹೇಳಿದರೆ ಒಂದಕ್ಕೊಂದು ಗೋಜಲಾಗುತ್ತದೆ.

ನನ್ನ ಕೆಲಸದ ಬಗ್ಗೆ ನೀವು ಕೇಳಲಿಲ್ಲ. ಆದರೂ ಹೇಳುತ್ತೇನೆ. ಅಳತೆಯ ಉಪಕರಣ ಮಾಡುವ ಕಾರ್ಖಾನೆ. ತಾಪಮಾಪಕ, ಒತ್ತಡಮಾಪಕ, ತಕ್ಕಡಿ, ಇಂಥವುಗಳ ಜೊತೆ ಪೆಟ್ಟಿಗೆಯಲ್ಲಿ ಒಂದು ಕೈಪಿಡಿ ಇರುತ್ತದಲ್ಲ, ಅದನ್ನು ಸಿದ್ಧಪಡಿಸುವ ವಿಭಾಗದಲ್ಲಿದ್ದೇನೆ. ಇಡೀ ದಿನ ಡಿಗ್ರಿ, ಹತ್ತು ಲಕ್ಷದಲ್ಲೊಂದು ಪಾಲು ಅನ್ನುವ ಮೈಕ್ರೋ, ಹೆಚ್ಚುಕಡಿಮೆ ಚಿಹ್ನೆ. ಉದ್ದನೆಯ ಹಾಲ್, ಒಂದರ ಹಿಂದೆ ಒಂದು ಮೇಜು. ಎಲ್ಲರೂ ಮುಂದಿನವರ ಬೆನ್ನು ನೋಡುತ್ತ ಕೆಲಸ ಮಾಡುತ್ತೇವೆ. ಇಲ್ಲಿ ಎಲ್ಲರಿಗೂ ಎಲ್ಲ ಕೀಲಿಗಳೂ ಗೊತ್ತು, ಯಾರೂ ಯಾರನ್ನೂ ಕೂಗುವುದಿಲ್ಲ. ಹಾಲ್ ಎಷ್ಟು ಶಾಂತವಾಗಿರುತ್ತದೆಂದರೆ, ಮೊದಮೊದಲು ನನಗೆ ಕಿವಿ ಕೇಳಿಸುತ್ತಿಲ್ಲವೇನೋ ಅನ್ನಿಸುತ್ತಿತ್ತು.

ಹಿಂಬದಿಯಲ್ಲಿದ್ದ ಗೃಹೋಪಯೋಗಿ ಸಾಮಾನಿನ ಜಾಹೀರಾತು ಚೆನ್ನಾಗಿತ್ತು. "ಮುರಿದರೆ ಮರಳಿ ಕೊಡುತ್ತೇವೆ" ಅಂತಿದೆ. ಏನನ್ನು ಅಂತ ಇಲ್ಲ.

ಇಂತಿ,
ಚೂಟಿ


ಆಗಸ್ಟ್ 22

ಚೂಟಿ,

ನೀನು ಕಳಿಸಿದ ಗುಣಾಕಾರ ಬಂತು, ಭಾಗಾಕಾರ ಬಂತು, ಅರ್ಧವೂ ಬಂತು. ಪತ್ರಕ್ಕೊಂದರಂತೆ ನಾನೂ ಕಲಿಯುತ್ತಿದ್ದೇನೆ. ಮೇಷ್ಟ್ರಿಗೆ ಈಗ ನನ್ನ ಮೇಲೆ ಗೌರವ ಜಾಸ್ತಿಯಾಗಿದೆ, ತಪ್ಪು ಹುಡುಕಲು ಸಿಗದೆ ಬೇಜಾರೂ ಆಗಿದೆ.

ಹೋದ ವಾರ ಅವನು ಬಂದಿದ್ದ. ಅವನೇ, ನನ್ನ ಹೊಟ್ಟೆಯಲ್ಲಿ ಹುಟ್ಟಿದವನು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ಈ ಹೆಗ್ಗಣವನ್ನು ಮುದ್ದು ಮಾಡಲು ನನಗೆ ಇನ್ನೂ ಕೈ ಬರುತ್ತಿಲ್ಲ. ನೇರ ಬಂದು ನಿನ್ನ ಕುರ್ಚಿಯಲ್ಲಿ ಕೂತ.

"ಅಮ್ಮಾ, ಅವಳಿಗೆ ಪತ್ರ ಬರೀತಿದೀಯಂತೆ?"

"ಬರೀತಿದೀನಿ."

"ಯಾಕಮ್ಮ? ಅವಳು ಈಗ ನಮ್ಮವಳಲ್ಲ."

"ನಿನ್ನ ಹೆಂಡತಿ ಅಲ್ಲ, ಒಪ್ಕೋತೀನಿ. ನನ್ನ ಸೊಸೆ ಅಲ್ಲ ಅಂತ ಯಾವ ಕಾಗದದಲ್ಲಿದೆ? ತೋರ್ಸು ನೋಡೋಣ."

ಅವನು ಕುರ್ಚಿಯನ್ನು ಕಂಪ್ಯೂಟರ್ ಕಡೆ ತಿರುಗಿಸಿಕೊಂಡು "ನಿಂಗೆ ಬೇಕಾಗಿರೋದು ಆ ಚಿಹ್ನೆಗಳು ತಾನೆ?" ಅಂದ. ನಾನು ಚಹಾ ತರಲು ಹೋದೆ. ಬರುವಷ್ಟರಲ್ಲಿ ನನಗೇನೋ ದೊಡ್ಡ ಉಪಕಾರ ಮಾಡಿಟ್ಟಿದ್ದ. ಅವನ ಉಪಕಾರ ಅವನಿಗಿರಲಿ. ಹೋಗುವಾಗ ಹೊಸ್ತಿಲ ಹತ್ತಿರ ನಿಂತು, ಚಪ್ಪಲಿ ನೋಡಿಕೊಂಡು, "ಹೇಗಿದಾಳೆ?" ಅಂತ ಕೇಳಿದ. "ಚೆನ್ನಾಗಿದಾಳೆ" ಅಂದೆ. ನಿಜವೋ ಸುಳ್ಳೋ ನನಗೇ ಗೊತ್ತಿಲ್ಲ. ನೀನು ಒಂದು ಪತ್ರದಲ್ಲೂ ಬರೆದಿಲ್ಲ.

ಅವನು ಎದ್ದ ಮೇಲೆ ನಿನ್ನ ಕುರ್ಚಿಯನ್ನು ಒರೆಸಿ ಮೇಜಿನ ಕೆಳಗೆ ತಳ್ಳಿದೆ. ಅದರ ಮೇಲೆ ಯಾರನ್ನೂ ಕೂರಿಸಲು ನನಗೆ ಇಷ್ಟವಿಲ್ಲ. ಇನ್ನೊಬ್ಬಳನ್ನು ಕೆಲಸಕ್ಕೆ ಇಟ್ಟುಕೊಳ್ಳಿ ಅಂತ ಬೈಂಡಿಂಗ್‌ನವರು ದಿನಾ ಹೇಳುತ್ತಾರೆ. ಆ ಕಿವಿಯಲ್ಲಿ ಕೇಳಿ ಈ ಕಿವಿಯಲ್ಲಿ ಬಿಡುತ್ತೇನೆ.

ಪ್ಲಸ್ ಕೆಳಗೆ ಒಂದು ಅಡ್ಡಗೆರೆ ಇರುತ್ತದಲ್ಲ, ಹೆಚ್ಚೂ ಆಗಬಹುದು ಕಡಿಮೆಯೂ ಆಗಬಹುದು ಅನ್ನುವ ಚಿಹ್ನೆ. ಅದನ್ನು ಹೇಳು. ಪರೀಕ್ಷಾ ಪ್ರಯೋಗಾಲಯದವರು ಒಂದು ವರದಿ ಕೊಟ್ಟಿದ್ದಾರೆ, ಅದರ ತುಂಬ ಅದೇ.

ಇಂತಿ,
ಅವಳೇ


ಸೆಪ್ಟೆಂಬರ್ 6

*ಗೆ,

ಹೆಚ್ಚುಕಡಿಮೆಗೆ 0177. ಡಿಗ್ರಿಯ ಪಕ್ಕದ ಮನೆ. ಹಾಗಾಗಿ ನೀವು ಮರೆಯುವುದಿಲ್ಲ.

ಚೆನ್ನಾಗಿದ್ದೇನೆಯೇ ಅಂತ ಕೇಳಿದ್ದೀರಿ, ಅಂದರೆ ಕೇಳದೆ ಕೇಳಿದ್ದೀರಿ. ಹೆಚ್ಚುಕಡಿಮೆ ಚೆನ್ನಾಗಿದ್ದೇನೆ. ಕೋಣೆ ಚಿಕ್ಕದು. ಸಂಜೆ ಬಂದರೆ ಕೆಳಗೆ ಅಷ್ಟೂ ಗಡಿಯಾರಗಳು ಒಟ್ಟಿಗೆ ಟಿಕ್ ಟಿಕ್ ಅನ್ನುತ್ತಿರುತ್ತವೆ. ಒಂದಕ್ಕೂ ಇನ್ನೊಂದಕ್ಕೂ ಸಮಯದಲ್ಲಿ ಹೊಂದಾಣಿಕೆ ಇಲ್ಲ. ಮಾಲೀಕರು "ಯಾವ್ದು ಸರಿ ಅಂತ ನಂಗೂ ಗೊತ್ತಿಲ್ಲಮ್ಮ, ಹಸಿವಾದಾಗ ಊಟ ಮಾಡ್ತೀನಿ" ಅಂತಾರೆ. ಒಳ್ಳೆಯ ಮನುಷ್ಯ.

ಒಂದು ವಿಷಯವಿದೆ. ನಮ್ಮ ಮೇಲ್ವಿಚಾರಕಿ ನಿನ್ನೆ ಕರೆದು ಕಾಯಂ ಮಾಡುತ್ತೇವೆ ಅಂದರು. ಈ ತಿಂಗಳ ಕೊನೆಯೊಳಗೆ ಹೂಂ ಅಥವಾ ಊಹೂಂ ಹೇಳಬೇಕು. ಹೂಂ ಅಂದರೆ ಈ ಊರಿನಲ್ಲೇ ಬೇರು ಬಿಟ್ಟ ಹಾಗೆ. "ಯೋಚನೆ ಮಾಡೋದೇನಿದೆ?" ಅಂತ ಅವರಿಗೆ ಆಶ್ಚರ್ಯ. ಯೋಚನೆ ಮಾಡುವುದು ಏನಿದೆ ಅಂತ ನಾನೂ ಹಾಲ್‌ನಲ್ಲಿ ಕೂತು ಯೋಚಿಸಿದೆ. ನಿಮಗೆ ಹೇಳದೆ ಹೂಂ ಅನ್ನಲು ಮನಸ್ಸು ಬರಲಿಲ್ಲ. ನೀವು ಏನು ಹೇಳುತ್ತೀರಿ?

ಇನ್ನೊಂದು. ಲೆಕ್ಕ ಹಾಕಿದರೆ ನಿಮ್ಮ ಅಂಗಡಿಗೆ ಬೇಕಾದ ಚಿಹ್ನೆಗಳು ಹತ್ತಿರ ಹತ್ತಿರ ಮುಗಿದವು. ಮೈಕ್ರೋ ಒಂದು ಉಳಿದಿದೆ. ಅದೂ ಆದ ಮೇಲೆ ನೀವು ನನ್ನನ್ನು ಏನು ಕೇಳುತ್ತೀರಿ?

ಇಂತಿ,
ಚೂಟಿ


ಸೆಪ್ಟೆಂಬರ್ 15

ಚೂಟಿ,

ನಿನ್ನ ಪತ್ರ ಬಂದ ದಿನದಿಂದ ಉತ್ತರ ಬರೆಯುತ್ತಲೇ ಇದ್ದೇನೆ. ಎರಡು ಸಾಲು ಬರೆಯುವುದು, ಅಳಿಸುವುದು. ಊರಿಗೆಲ್ಲ ಮದುವೆ ಪತ್ರಿಕೆ, ಅರ್ಜಿ, ಅಭಿನಂದನೆ ಬರೆದುಕೊಡುವವಳು ನಾನು. ನನ್ನದೇ ನಾಲ್ಕು ಮಾತು ಬರೆಯಲು ಕೈ ಏಳುತ್ತಿಲ್ಲ. ನನ್ನ ನಾಲಿಗೆ ಕತ್ತರಿ ಅಂತ ನೀನು ಹೇಳುತ್ತಿದ್ದೆ, ಎಲ್ಲಿ ಹೋಯಿತೋ ಆ ಕತ್ತರಿ.

ಹಾಗಾಗಿ ನನಗೆ ಗೊತ್ತಿರುವ ಒಂದೇ ದಾರಿ ಹಿಡಿದಿದ್ದೇನೆ. ಬರೆಯಲು ಬಂದದ್ದನ್ನು ಬರೆದಿದ್ದೇನೆ, ಬಾರದ ಕಡೆ ನಕ್ಷತ್ರ ಹಾಕಿ ಮುಂದಕ್ಕೆ ಹೋಗಿದ್ದೇನೆ. ನೀನು ತುಂಬಿಕೋ.

ಕಾಯಂ ಕೆಲಸದ ಸುದ್ದಿ ಓದಿ ನನಗೆ * ಆಯಿತು. ನಿನ್ನಂಥವಳನ್ನು ಬಿಟ್ಟುಕೊಡಲು ಅವರೇನು ಹುಚ್ಚರೇ? ನೀನು ಹೂಂ ಅನ್ನುವುದೇ ಸರಿ. ನನ್ನ ಬುದ್ಧಿ ಹಾಗೆ ಹೇಳುತ್ತದೆ. ನನ್ನ ಮನಸ್ಸು ಮಾತ್ರ *.

ಅಂಗಡಿಯಲ್ಲಿ ಬೆಳಗ್ಗೆ ಬಂದ ಕೂಡಲೇ ಎರಡೂ ಕಂಪ್ಯೂಟರ್‌ಗಳನ್ನು ಶುರು ಮಾಡುತ್ತೇನೆ. ನಿನ್ನದನ್ನು ಯಾರೂ ಬಳಸುವುದಿಲ್ಲ. ಆದರೂ ಶುರು ಮಾಡುತ್ತೇನೆ, ಯಾಕೆಂದರೆ *.

ನೀನು *? ಇದನ್ನು ಕೇಳುವ ಮುಖ ನನಗಿಲ್ಲ. ನಿನ್ನನ್ನು ನೋಯಿಸಿದವನು ನನ್ನ ಮಗ. ನಿನ್ನ ದಾರಿ ನೀನು ನೋಡಿಕೊಂಡಾಗ, ಬಾಗಿಲಲ್ಲಿ ನಿಂತು ಅಡ್ಡ ಬರಬಾರದು ಅನ್ನುವಷ್ಟು ವಿವೇಕ ನನಗಿದೆ. ಆದರೂ ಕೇಳಿದ್ದೇನೆ. ನಕ್ಷತ್ರದಲ್ಲಿ ಕೇಳಿದ್ದೇನೆ, ಇಷ್ಟವಿಲ್ಲದಿದ್ದರೆ ಖಾಲಿ ಬಿಡು.

ಮೈಕ್ರೋ ಹೇಗೆ ಹಾಕುವುದು ಹೇಳು. ಆತುರವಿಲ್ಲ. ನಿಧಾನವಾಗಿ ಹೇಳಿದರೂ ಆದೀತು.

ಇಂತಿ, ನಿನ್ನ
*


ಸೆಪ್ಟೆಂಬರ್ 29

ಅತ್ತೆ,

ಸಿಕ್ಕಿಬಿದ್ದಿರಿ.

ನಿಮ್ಮ ಪತ್ರವನ್ನು ಮೆಟ್ಟಿಲ ಮೇಲೆ ಕೂತು ಓದಿದೆ. ಕಣ್ಣು ಮಂಜಾಗಿ ಕೊನೆಯ ಸಾಲುಗಳು ಸರಿಯಾಗಿ ಕಾಣಲಿಲ್ಲ. ಸ್ವಲ್ಪ ಸುಧಾರಿಸಿಕೊಳ್ಳೋಣ, ಹಿಂಬದಿಯಲ್ಲಿ ಈ ಸಲ ಯಾವ ನದಿ ಬೆಟ್ಟ ಹತ್ತುತ್ತಿದೆ ನೋಡೋಣ ಅಂತ ಹಾಳೆ ತಿರುಗಿಸಿದೆ. ಅಲ್ಲಿ ನದಿ ಇರಲಿಲ್ಲ. "ವಿಶೇಷ ಚಿಹ್ನೆಗಳು ಮತ್ತು ಅವುಗಳ ಕೀಲಿಗಳು" ಅಂತ ತಲೆಬರಹ. ಕೆಳಗೆ ಡಿಗ್ರಿ, ವರ್ಗಮೂಲ, ಗುಣಾಕಾರ, ಭಾಗಾಕಾರ, ಅರ್ಧ, ಕಾಲು, ಹೆಚ್ಚುಕಡಿಮೆ, ಮೈಕ್ರೋ, ಎಲ್ಲವೂ ಸಾಲಾಗಿ, ಎದುರಿಗೆ ಅಂಕಿಗಳ ಸಮೇತ. ಸುತ್ತಲೂ ಜೋಡಿ ಗೆರೆಯ ಚೌಕಟ್ಟು. ಏನು ಮಾಡಿದರೂ ಜೋಡಿ ಗೆರೆ ಹಾಕುವ ಚಟ ಯಾರದು ಅಂತ ನನಗೆ ಗೊತ್ತಿಲ್ಲವೇ? ನಾಲ್ಕು ಮೂಲೆಯಲ್ಲೂ ಟೇಪ್ ಕಿತ್ತ ಗುರುತು ಇದೆ. ಗೋಡೆಗೆ ಅಂಟಿಸಿ ಹೋಗಿದ್ದರು ಅಂತಾಯಿತು. ಅಡಿಯಲ್ಲಿ ಮುದ್ರಿಸಿದ ದಿನಾಂಕವೂ ಇದೆ, ಆಗಸ್ಟ್ ತಿಂಗಳದ್ದು.

ಅಂದರೆ ನಿಮ್ಮ ಮಗ ಅವತ್ತು ಮಾಡಿಹೋದ ಉಪಕಾರ ಇದು. ಅಂದರೆ ಹೆಚ್ಚುಕಡಿಮೆ ಹೇಗೆ ಹಾಕುವುದು ಅಂತ ನೀವು ನನ್ನನ್ನು ಕೇಳುವಾಗ ಉತ್ತರ ನಿಮ್ಮ ಕೈಯಲ್ಲೇ ಇತ್ತು. ಮೈಕ್ರೋ ಕೇಳಿದ ಪತ್ರದ ಬೆನ್ನ ಮೇಲೇ ಮೈಕ್ರೋ ಇದೆ! ಗೋಡೆಯಿಂದ ಕಿತ್ತು ಹರಿದುಹಾಕಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ. ಒಂದು ಬದಿ ಖಾಲಿ ಇದೆ ಅಂತ ಉಳಿಸಿಕೊಂಡಿರಿ ನೋಡಿ. ನಿಮ್ಮ ಜಿಪುಣತನವೇ ನಿಮ್ಮನ್ನು ಹಿಡಿದುಕೊಟ್ಟಿತು.

ಮೆಟ್ಟಿಲ ಮೇಲೆ ಕೂತು ಜೋರಾಗಿ ಅತ್ತುಬಿಟ್ಟೆ. ಮಾಲೀಕರು ಹೊರಗೆ ಬಂದು "ಏನಮ್ಮ, ಕೆಟ್ಟ ಸುದ್ದಿನಾ?" ಅಂದರು. "ಇಲ್ಲ, ಕೀಬೋರ್ಡ್ ಶಾರ್ಟ್‌ಕಟ್" ಅಂದೆ. ಪಾಪ, ಒಳಗೆ ಹೋಗಿ ನೀರು ತಂದುಕೊಟ್ಟರು.

ನಿಮ್ಮನ್ನು ಹಂಗಿಸುವಷ್ಟು ಸಾಚಾ ನಾನೂ ಅಲ್ಲ. ಈ ಪಟ್ಟಿ ಪೂರ್ತಿ ನನ್ನ ಬೆರಳ ತುದಿಯಲ್ಲಿದೆ. ಮೊದಲ ಪತ್ರದಲ್ಲೇ ಬರೆದು ಕಳಿಸಬಹುದಿತ್ತು. ಪತ್ರಕ್ಕೊಂದೇ ಅಂತ ನಿಯಮ ಮಾಡಿದ್ದು ನಿಮ್ಮ ನೆನಪಿನ ಶಕ್ತಿಗೆ ಹೆದರಿ ಅಲ್ಲ.

ಈಗ ನಕ್ಷತ್ರಗಳು.

ಮೊದಲನೆಯದರಲ್ಲಿ "ಸಂತೋಷ" ಅಂತ ಹಾಕಲು ಹೊರಟಿದ್ದಿರಿ, ಬೆರಳು ಕೇಳಲಿಲ್ಲ. ನಾನು "ಸಂಕಟ" ಅಂತ ತುಂಬಿದ್ದೇನೆ. ನನಗೂ ಅದೇ ಆದದ್ದು. ಎರಡನೆಯದರಲ್ಲಿ, ನಿಮ್ಮ ಮನಸ್ಸು ಮಾತ್ರ "ಬೇಡ ಅನ್ನುತ್ತದೆ". ಮೂರನೆಯದು, ನನ್ನ ಯಂತ್ರ ಶುರು ಮಾಡುವುದು ಯಾಕೆಂದರೆ "ಅದರ ಸದ್ದು ಇಲ್ಲದಿದ್ದರೆ ಅಂಗಡಿಯಲ್ಲಿ ಒಬ್ಬಳೇ ಇರುವುದು ಗೊತ್ತಾಗುತ್ತದೆ". ತಪ್ಪಿದ್ದರೆ ತಿದ್ದಿ.

ನಾಲ್ಕನೆಯದು ಪ್ರಶ್ನೆ. "ನೀನು ವಾಪಸು ಬಂದುಬಿಡುತ್ತೀಯಾ?" ಅತ್ತೆ, ಆ ಮನೆಗೆ ಇನ್ನು ಬರಲಾರೆ. ಅಲ್ಲಿನ ಒಂದೊಂದು ಬಾಗಿಲೂ ನನಗೆ ಏನಾದರೊಂದು ನೆನಪಿಸುತ್ತದೆ. ಇಲ್ಲಿ ಹೂಂ ಅಂದಿದ್ದೇನೆ, ಕಾಗದಕ್ಕೆ ಸಹಿಯೂ ಹಾಕಿದೆ. ನನ್ನದು ಅಂತ ಒಂದು ಕೆಲಸ, ಒಂದು ಕೋಣೆ ಬೇಕು ನನಗೆ. ನಿಮಗೆ ಸುಳ್ಳು ಹೇಳಲಾರೆ.

ಆದರೆ ಅಂಗಡಿ ಬೇರೆ, ಮನೆ ಬೇರೆ. ತಿಂಗಳ ಕೊನೆಯ ಶನಿವಾರ ನಮಗೆ ರಜೆ. ಬೆಳಗಿನ ಮೊದಲ ಬಸ್ಸು ಹಿಡಿದರೆ ನೀವು ಬೀಗ ತೆಗೆಯುವ ಹೊತ್ತಿಗೆ ಅಂಗಡಿಯ ಮುಂದಿರುತ್ತೇನೆ. ಸಂಜೆಯವರೆಗೆ ಇರುತ್ತೇನೆ. ತಿಂಗಳು ತಿಂಗಳು ಬರುತ್ತೇನೆ. ಪ್ರಿಂಟರ್ ಒರೆಸುತ್ತೇನೆ, ಆ ಗೆರೆ ನೋಡಿ ನೋಡಿ ನನಗೆ ಸಾಕಾಗಿದೆ.

ಕೊನೆಯ ನಕ್ಷತ್ರ ನಿಮ್ಮ ಸಹಿಯದು. ನನ್ನ ಪತ್ರಗಳ ತಲೆಯ ಮೇಲೆ ನಾನು ಇಡುತ್ತಿದ್ದದ್ದೂ ಅದೇ ನಕ್ಷತ್ರ. ಅಲ್ಲಿ "ಅಮ್ಮ" ಅಂತ ಹಾಕಲೇ ಅಂತ ಬಹಳ ಯೋಚಿಸಿದೆ. ಕೇಳಲು ಚೆನ್ನಾಗಿರುತ್ತಿತ್ತು. ಆದರೆ ನನಗೆ ಅಮ್ಮ ಒಬ್ಬಳು ಇದ್ದಳು, ತೀರಿಕೊಂಡಳು, ಆ ಜಾಗ ಅವಳದು. ಈ ಊರಿನಲ್ಲಿ ಸಂಜೆ ಸಂಜೆ ನಾನು ನೆನೆಸಿಕೊಂಡು ಕೂರುತ್ತಿದ್ದದ್ದು ನನ್ನನ್ನು ಕೂಗಿ ಕರೆಯುತ್ತಿದ್ದ ಅತ್ತೆಯನ್ನು. ಹಾಗಾಗಿ ಹಳೆಯದನ್ನೇ ತುಂಬಿದ್ದೇನೆ. ನ್ಯಾಯಾಲಯದ ಕಾಗದದಲ್ಲಿ ನಿಮ್ಮ ಹೆಸರಿಲ್ಲ ಅಂತ ನೀವೇ ಬರೆದಿದ್ದಿರಲ್ಲ.

ಮೈಕ್ರೋ ಕೀಲಿ ಹೇಳುವುದಿಲ್ಲ. ಹಾಳೆ ವಾಪಸೂ ಕಳಿಸುವುದಿಲ್ಲ.

ಇಂತಿ, ನಿಮ್ಮ ಸೊಸೆ,
ಚೂಟಿ


ಅಕ್ಟೋಬರ್ 20

ಚೂಟಿ,

ನಿನ್ನ ಪತ್ರವನ್ನು ಎಷ್ಟು ಸಲ ಓದಿದೆ ಅಂತ ಕೇಳಬೇಡ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರೆ. ಈಗ ನಿನ್ನ ಕಾಲ, ಹಂಗಿಸು. ನೀನು ಬರಲಾರೆ ಅಂದ ಸಾಲಿನಲ್ಲಿ ಎದೆ ಧಸಕ್ಕೆಂದಿತು, ಅದನ್ನು ಮುಚ್ಚಿಡುವುದಿಲ್ಲ. ದಿನಾ ಬೇಕಾಗಿತ್ತು ನೀನು ನನಗೆ. ತಿಂಗಳಿಗೊಂದು ದಿನ ಸಿಕ್ಕಿತು. ನೀನು ಸಹಿ ಹಾಕಿದ್ದೇ ಸರಿ.

ಮೇಷ್ಟ್ರು ಅರ್ಧವಾರ್ಷಿಕ ಪರೀಕ್ಷೆಯ ಪತ್ರಿಕೆ ತಂದುಕೊಟ್ಟಿದ್ದಾರೆ. ವರ್ಗಮೂಲ, ಕೋನ, ಭಿನ್ನರಾಶಿ, ಒಂದು ಸಾಲೂ ಬಿಡುವಿಲ್ಲ. ಎಲ್ಲ ಕೀಲಿಗಳೂ ನನಗೆ ಈಗ ಬಾಯಿಪಾಠ, ಕತ್ತಲಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಪ್ರಯೋಗಾಲಯದವರ ವರದಿಯೂ ಬಂದಿದೆ, ಮೈಕ್ರೋ ತುಂಬಿ ತುಳುಕುತ್ತಿದೆ.

ಎರಡನ್ನೂ ಟೈಪ್ ಮಾಡಿ ಮುಗಿಸಿದೆ. ಚಿಹ್ನೆ ಒಂದನ್ನೂ ಹಾಕಿಲ್ಲ. ಬರೀ ನಕ್ಷತ್ರ. "ಏನಮ್ಮಾ, ಮತ್ತೆ ಜ್ಯೋತಿಷ್ಯಾನಾ?" ಅಂತ ಮೇಷ್ಟ್ರು ಬಾಗಿಲಲ್ಲೇ ಕೇಳಿದರು. "ಶನಿವಾರದ ತನಕ ತಡ್ಕೊಳ್ಳಿ. ನನ್ ಸೊಸೆ ಬರ್ತಾಳೆ, ತುಂಬ್ತಾಳೆ" ಅಂದೆ.

ನಿನ್ನ ಕುರ್ಚಿಯನ್ನು ಹೊರಗೆ ಎಳೆದಿಟ್ಟಿದ್ದೇನೆ. ಬೇಗ ಬಾ.

ಇಂತಿ,
ಅತ್ತೆ